ಕೊನೆಯ ವಿಮಾನ ಎಷ್ಟೊತ್ತಿಗೆ?

2018ರ ಜುಲೈ. ಮಗಳ ಮನೆ ನೋಡಲು ಮೊದಲ ಸಲ ಸಿಂಗಪುರಕ್ಕೆ ಹೊರಟಿದ್ದೆ. ಹಿಂದಿನ ದಿನ ಸಾಗರದ ಹತ್ತಿರದ ನಮ್ಮ ಊರಿಗೆ ಫೋನ್ ಮಾಡಿ, ಟಿಕೆಟ್ಟಿನಲ್ಲಿದ್ದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಚೆನ್ನೈ ಬಿಡುವುದು ರಾತ್ರಿ 11.15ಕ್ಕೆ, ಸಿಂಗಪುರ ಮುಟ್ಟುವುದು ಬೆಳಗ್ಗೆ 6ಕ್ಕೆ. ಬರುವಾಗ ಸಿಂಗಪುರ ಬಿಡುವುದು ರಾತ್ರಿ 8.10ಕ್ಕೆ, ಚೆನ್ನೈ ಮುಟ್ಟುವುದು 9.45ಕ್ಕೆ.

ಅಮ್ಮ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೆ ಅಡಿಕೆ ಲೆಕ್ಕದಲ್ಲಿ ಅವಳನ್ನು ಯಾರೂ ಏಮಾರಿಸಿದ್ದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹೋಗೋಕೆ ಆರೂಮುಕ್ಕಾಲು ಗಂಟೆ, ಬರೋಕೆ ಒಂದೂವರೆ ಗಂಟೆಯಾ? ಅದೆಂಥಾ ದಾರಿಯೇ ಮಾರಾಯ್ತಿ! ಹೋಗ್ತಾ ಘಟ್ಟ ಹತ್ತಿ, ಬರ್ತಾ ಇಳಿಯೋದಾ?"

ನಗು ಬಂತು. ಹಾಗಲ್ಲ, ಎರಡೂ ಕಡೆ ನಾಲ್ಕು ಗಂಟೆಯ ಚಿಲ್ಲರೆ ದಾರಿ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ ಓಡುತ್ತದೆ ಎಂದೆ. ಅದು ಅವಳಿಗೆ ತಕ್ಷಣ ತಿಳಿಯಿತು. ಆದರೆ ಮುಂದಿನ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ.

"ಅದೆಲ್ಲ ಇರಲಿ. ಕೊನೆಯ ವಿಮಾನ ಎಷ್ಟೊತ್ತಿಗೆ?"

"ಯಾಕಮ್ಮ?"

"ಸುಮ್ನೆ. ತಿಳ್ಕೊಂಡಿರಬೇಕು."

ಆ ಪ್ರಶ್ನೆ ಎಲ್ಲಿಂದ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವಳು ನಾನು, ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ.

ಚೆನ್ನೈ ವಿಮಾನ ನಿಲ್ದಾಣದಿಂದ ಸಿಂಗಪುರದ ಚಾಂಗಿ ನಿಲ್ದಾಣಕ್ಕೆ ನೇರ ದೂರ ಸುಮಾರು 2,920 ಕಿಲೋಮೀಟರ್. ನೇರ ಎಂದರೆ ಭೂಮಿಯ ಉಂಡೆಯ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಹಿಡಿದರೆ ಎಷ್ಟೋ ಅಷ್ಟು. ನಮ್ಮ ಓದುಗರು ಬೇರೆ ಬೇರೆ ಊರುಗಳಲ್ಲಿ ಇರುವುದರಿಂದ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಸಿಂಗಪುರಕ್ಕೆ ಹೈದರಾಬಾದಿನಿಂದ ಸುಮಾರು 3,300, ಮುಂಬೈಯಿಂದ 3,900, ದೆಹಲಿಯಿಂದ 4,150 ಕಿಲೋಮೀಟರ್. ಬೆಂಗಳೂರಿನಿಂದ 3,180. ಈ ಊರುಗಳ ಪೈಕಿ ಚೆನ್ನೈಯೇ ಅದಕ್ಕೆ ಹತ್ತಿರ.

ಜೆಟ್ ವಿಮಾನ ಗಂಟೆಗೆ 850 ಕಿಲೋಮೀಟರಿನ ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿ ನೋಡಿದರೆ ಮೂರೂವರೆ ಗಂಟೆಯೂ ಆಗುವುದಿಲ್ಲ. ಹಾಗಾದರೆ ಟಿಕೆಟ್ಟಿನಲ್ಲಿ ನಾಲ್ಕೂಕಾಲು ಗಂಟೆ ಯಾಕೆ? ಟಿಕೆಟ್ಟಿನ ಹೊತ್ತು ವಿಮಾನ ಚೆನ್ನೈಯಲ್ಲಿ ತಾನು ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಚಾಂಗಿಯಲ್ಲಿ ಬಾಗಿಲ ಮುಂದೆ ಬಂದು ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುಂಚೆ ಸುತ್ತು ಹಾಕುವುದು ಎಲ್ಲ ಅದರಲ್ಲಿ ಸೇರಿವೆ. ಜೊತೆಗೆ, ತಡವಾಯಿತು ಎನ್ನಿಸಿಕೊಳ್ಳಬಾರದೆಂದು ಕಂಪನಿಗಳು ಹತ್ತಿಪ್ಪತ್ತು ನಿಮಿಷ ಹೆಚ್ಚೇ ಬರೆದುಕೊಂಡಿರುತ್ತವೆ. "ಇವತ್ತು ಬೇಗ ತಲುಪಿದೆವು" ಎಂದು ನಾವು ಖುಷಿಪಡುವುದು ಎಷ್ಟೋ ಸಲ ಈ ಹೆಚ್ಚುವರಿ ನಿಮಿಷಗಳಿಂದ.

ಗಾಳಿಯ ಪಾಲೂ ಇದೆ. ಮಳೆಗಾಲದಲ್ಲಿ ನೆಲದ ಹತ್ತಿರ ಪಶ್ಚಿಮದ ಗಾಳಿ ಬೀಸಿದರೂ, ತೀರಾ ಎತ್ತರದಲ್ಲಿ ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಹರಿಯುತ್ತದೆ. 1950ರ ದಶಕದಲ್ಲಿ ಇದನ್ನು ವಿವರಿಸಿ ಹೇಳಿದವರು ಪಿ. ಕೋಟೇಶ್ವರಂ ಎಂಬ ಭಾರತೀಯ ಹವಾಮಾನ ವಿಜ್ಞಾನಿ. ಹಾಗಾಗಿ ಜುಲೈಯಲ್ಲಿ ಸಿಂಗಪುರಕ್ಕೆ ಹೋಗುವವರಿಗೆ ಎದುರುಗಾಳಿ, ಬರುವವರಿಗೆ ಬೆನ್ನುಗಾಳಿ. ಅಮ್ಮನ ಘಟ್ಟ ಹತ್ತುವ, ಇಳಿಯುವ ಮಾತಿನಲ್ಲಿ ಹತ್ತು ಹದಿನೈದು ನಿಮಿಷದಷ್ಟು ನಿಜವಿತ್ತು.

ಇನ್ನು ಆ ಎರಡೂವರೆ ಗಂಟೆ. ಸೂರ್ಯನ ಲೆಕ್ಕ ಹಿಡಿದರೆ ಚೆನ್ನೈಗೂ ಸಿಂಗಪುರಕ್ಕೂ ಅಷ್ಟು ಅಂತರವಿಲ್ಲ. ರೇಖಾಂಶದಲ್ಲಿ ಹೆಚ್ಚುಕಡಿಮೆ 24 ಡಿಗ್ರಿ ವ್ಯತ್ಯಾಸ, ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ಒಂದು ಗಂಟೆ 35 ನಿಮಿಷ. ಉಳಿದ 55 ನಿಮಿಷ ಸರ್ಕಾರಗಳು ಸೇರಿಸಿದ್ದು. ಸಿಂಗಪುರದ ಗಡಿಯಾರದ ಮುಳ್ಳನ್ನು ಬಂದವರೆಲ್ಲ ತಿರುಗಿಸಿದ್ದಾರೆ. 1942ರಲ್ಲಿ ಜಪಾನೀಯರು ಊರನ್ನು ಹಿಡಿದಾಗ ಟೋಕಿಯೋ ಸಮಯ ತಂದರು. 1945ರಲ್ಲಿ ಅವರು ಸೋತಮೇಲೆ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ಬಂತು. ಅಲ್ಲಿಂದ 1981ರವರೆಗೆ ಸಿಂಗಪುರ ನಮಗಿಂತ ಸರಿಯಾಗಿ ಎರಡು ಗಂಟೆ ಮುಂದಿತ್ತು. ಮಲೇಷ್ಯಾ ತನ್ನ ಪೂರ್ವ ಮತ್ತು ಪಶ್ಚಿಮ ಭಾಗಗಳಿಗೆ ಒಂದೇ ಸಮಯ ಇರಲೆಂದು ಅರ್ಧ ಗಂಟೆ ಮುಂದಕ್ಕೆ ಹೋದಾಗ ಪಕ್ಕದ ಸಿಂಗಪುರವೂ ಜೊತೆಗೆ ಹೋಯಿತು. 1982ರ ಹೊಸ ವರ್ಷ ಅಲ್ಲಿಗೆ ಅರ್ಧ ಗಂಟೆ ಮೊದಲೇ ಬಂತು. ಅದಕ್ಕೇ ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಬೆಳಗ್ಗೆ ಏಳರ ಆಚೆ ಈಚೆ. ನಾನು ಇಳಿದ ಆರು ಗಂಟೆಗೆ ಹೊರಗೆ ಗಾಢ ಕತ್ತಲೆ.

ದಾರಿಯ ಬಗ್ಗೆಯೂ ಒಂದು ಮಾತು. ಮುಂದಿನ ಸೀಟಿನ ಬೆನ್ನಿಗಿದ್ದ ಪರದೆಯಲ್ಲಿ ನಕ್ಷೆ ನೋಡುತ್ತ ಕೂತಿದ್ದೆ. ಚೆನ್ನೈ ಕರಾವಳಿ ದಾಟಿದರೆ ಬಂಗಾಳ ಕೊಲ್ಲಿ, ಎರಡು ಗಂಟೆ ಬರೀ ನೀರು. ಆಮೇಲೆ ಗ್ರೇಟ್ ನಿಕೋಬಾರ್. ಅಂದರೆ ಅರ್ಧ ದಾರಿ ಮುಗಿದರೂ ನಾವಿನ್ನೂ ಭಾರತದ ಹತ್ತಿರವೇ! ಆ ದ್ವೀಪದ ತುದಿಯಿಂದ ಇಂಡೋನೇಷ್ಯಾದ ಸುಮಾತ್ರಾ 150 ಕಿಲೋಮೀಟರ್ ಇದ್ದೀತು, ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು. ಅಲ್ಲಿಂದ ಮಲಕ್ಕಾ ಜಲಸಂಧಿಯ ಗುಂಟ ಇಳಿದರೆ ಸಿಂಗಪುರ. ಕೆಳಗೆ ಕಪ್ಪು ನೀರಿನ ಮೇಲೆ ಹಡಗುಗಳ ದೀಪಗಳು ಸಾಲಾಗಿ ಕಂಡವು.

ಅದೇ ದಾರಿಯನ್ನು ಹಡಗಿನಲ್ಲಿ ಹೋದವರ ಮಗ ನಮ್ಮ ವೆಸ್ಟ್ ಮಾಂಬಲಂ ಮನೆಯ ಕೆಳಗಿನ ಮಹಡಿಯಲ್ಲಿದ್ದರು. ಎಂಬತ್ತು ದಾಟಿದ ತಾತ. ಅವರ ಅಪ್ಪ 'ರಜುಲಾ' ಹಡಗಿನಲ್ಲಿ ಹೋಗಿ ಬಂದು ಮಾಡುತ್ತಿದ್ದರಂತೆ. 1926ರಲ್ಲಿ ಕಟ್ಟಿದ ಆ ಹಡಗು 1970ರ ದಶಕದ ಆರಂಭದವರೆಗೂ ಮದ್ರಾಸು, ನಾಗಪಟ್ಟಣ, ಪೆನಾಂಗ್, ಸಿಂಗಪುರ ಎಂದು ಓಡಾಡಿತು. ಒಂದು ವಾರದ ಪ್ರಯಾಣ. ಬಡವರು ಡೆಕ್ಕಿನ ಮೇಲೇ ಚಾಪೆ ಹಾಸಿ ಮಲಗುತ್ತಿದ್ದರು. ಅದರ ನಂತರ 'ಚಿದಂಬರಂ' ಎಂಬ ಹಡಗು ಓಡಿತು. 1985ರ ಫೆಬ್ರವರಿಯಲ್ಲಿ ಅದಕ್ಕೆ ಸಮುದ್ರದ ನಡುವೆ ಬೆಂಕಿ ಬಿದ್ದು ಜನ ಸತ್ತರು. ಪ್ರಯಾಣಿಕರ ಹಡಗಿನ ಕಾಲ ಅಲ್ಲಿಗೆ ಮುಗಿಯಿತು. "ಅಪ್ಪ ತಲುಪಿದ ಕಾಗದ ಬರೋವರೆಗೆ ಅಮ್ಮ ಕ್ಯಾಲೆಂಡರಿಗೆ ಗೀಟು ಹಾಕ್ತಿದ್ದಳು" ಎಂದು ತಾತ ತಮಿಳಿನಲ್ಲಿ ಹೇಳಿದ್ದು ನೆನಪಿದೆ.

ಆ ತಮಿಳು ಸಿಂಗಪುರದಲ್ಲಿ ನನ್ನ ಕೈಹಿಡಿಯಿತು. ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ಮೆಟ್ರೋ ನಿಲ್ದಾಣದ ಫಲಕದಲ್ಲಿ, ನೋಟಿನ ಮೇಲೆ ತಮಿಳು. ಮದುವೆಯಾಗಿ ಮದ್ರಾಸಿಗೆ ಬಂದ ಹೊಸದರಲ್ಲಿ ಬಸ್ಸಿನ ಬೋರ್ಡು ಓದಲಾಗದೆ ಪಾಂಡಿಬಜಾರಿನಲ್ಲಿ ಅಳುತ್ತ ನಿಂತವಳು ನಾನು. ಮೂವತ್ತೆರಡು ವರ್ಷದ ನಂತರ ಸೆರಂಗೂನ್ ರಸ್ತೆಯಲ್ಲಿ ಹೂವಿನವಳ ಹತ್ತಿರ ತಮಿಳಿನಲ್ಲೇ ಚೌಕಾಸಿ ಮಾಡಿ ಮಲ್ಲಿಗೆ ಕೊಂಡೆ. "ಯಾವ ಊರಮ್ಮ?" ಎಂದಳು. "ಚೆನ್ನೈ" ಎಂದುಬಿಟ್ಟೆ. ಕನ್ನಡದವಳು ಎಂದು ಆಮೇಲೆ ಸೇರಿಸಿದೆ. ಒಮ್ಮೆ ಪರಊರಾಗಿದ್ದದ್ದು ಇನ್ನೊಂದು ಪರಊರಿನಲ್ಲಿ ತವರಿನ ಹಾಗೆ ಕಾಣುವುದು ನಿಮಗೂ ಅನುಭವಕ್ಕೆ ಬಂದಿರಬೇಕು.

ಆ ಸಲ ಮನೆಯಿಂದ ಮನೆಗೆ ಎಷ್ಟಾಯಿತು ಎಂದು ಬರೆದಿಟ್ಟುಕೊಂಡೆ. ವೆಸ್ಟ್ ಮಾಂಬಲಂನಿಂದ ನಿಲ್ದಾಣಕ್ಕೆ 40 ನಿಮಿಷ, ಮೂರು ಗಂಟೆ ಮೊದಲೇ ಹೋಗಿ ಕಾದದ್ದು, ವಿಮಾನ ನಾಲ್ಕೂಕಾಲು ಗಂಟೆ, ಪಾಸ್‌ಪೋರ್ಟು ಮತ್ತು ಪೆಟ್ಟಿಗೆಗೆ ಮುಕ್ಕಾಲು ಗಂಟೆ, ಸೆಂಗ್‌ಕಾಂಗ್‌ನಲ್ಲಿರುವ ಮಗಳ ಮನೆಗೆ ಟ್ಯಾಕ್ಸಿ 20 ನಿಮಿಷ. ಒಟ್ಟು ಒಂಬತ್ತು ಗಂಟೆ. ಅದೇ ಅಮ್ಮನ ಮನೆಗೆ? ಬೆಂಗಳೂರಿನವರೆಗೆ ರೈಲು, ಅಲ್ಲಿ ರಾತ್ರಿ ಗಾಡಿಗೆ ಕಾಯುವುದು, ಬೆಳಗ್ಗೆ ಸಾಗರ, ಅಲ್ಲಿಂದ ಊರಿನ ಬಸ್ಸು. 700 ಕಿಲೋಮೀಟರಿಗೆ ಇಪ್ಪತ್ತು ಗಂಟೆ. ನನ್ನ ಮಟ್ಟಿಗೆ ಮಗಳು ಹತ್ತಿರ, ಅಮ್ಮ ದೂರ. ಈ ಲೆಕ್ಕ ಹೇಳಿದಾಗ ಅಮ್ಮ ಬೇಸರಪಡಲಿಲ್ಲ. "ಗಂಟೆ ಎಣಿಸಬೇಡ. ದಾಟೋಕಾಗ್ತದಾ ಇಲ್ವಾ ಅದಷ್ಟು ನೋಡು" ಎಂದಳು.

ಹಾಗೆನ್ನಲು ಅವಳಿಗೆ ಕಾರಣವಿತ್ತು. ಅಮ್ಮನ ತವರು ತುಮರಿಯ ಕಡೆ. ಅವಳು ಮದುವೆಯಾಗಿ ಬಂದಾಗ ಶರಾವತಿ ದೋಣಿಯಲ್ಲಿ ದಾಟುವ ಹೊಳೆಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು. ಗದ್ದೆ, ತೋಟ, ದಾರಿ ಎಲ್ಲ ಮುಳುಗಿ, ತವರಿಗೂ ಅವಳಿಗೂ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಅಗಲದ ನೀರು ಬಂದು ಕೂತಿತು. ಸಾಗರದಿಂದ ಸುಮಾರು 30 ಕಿಲೋಮೀಟರ್ ಹೋದರೆ ಅಂಬಾರಗೋಡ್ಲು. ಅಲ್ಲಿನ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದರೆ ಆಚೆ ದಡದ ಕಳಸವಳ್ಳಿ. ಸಿಗಂದೂರಿಗೆ ಹೋದವರಿಗೆಲ್ಲ ಈ ಲಾಂಚ್ ಗೊತ್ತಿರುತ್ತದೆ. ದಾಟಲು ಹತ್ತಿಪ್ಪತ್ತು ನಿಮಿಷ ಸಾಕಿತ್ತು. ಆದರೆ ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬೆಳಗಿನವರೆಗೆ ಕಾಯಬೇಕಿತ್ತು. ಇಲ್ಲವೆಂದರೆ ಹೊಸನಗರ, ನಿಟ್ಟೂರಿನ ಮೇಲಿಂದ ಸುತ್ತುದಾರಿ.

1973ರಲ್ಲಿ ಒಂದು ದಿನ ಅಜ್ಜನಿಗೆ ಜೋರಾಗಿದೆ ಎಂದು ಸುದ್ದಿ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಅಪ್ಪ, ಅಮ್ಮ, ಹನ್ನೊಂದು ವರ್ಷದ ನಾನು ಹೊಳೆಬಾಗಿಲು ಮುಟ್ಟುವಾಗ ಲಾಂಚ್ ಆಚೆ ದಡದಲ್ಲಿತ್ತು, ಆ ದಿನದ ಕೊನೆಯದು. ಅಪ್ಪ ಕೂಗಿ ನೋಡಿದರು. ನೀರಿನ ಮೇಲೆ ಎರಡು ಕಿಲೋಮೀಟರ್ ಕೂಗು ಎಲ್ಲಿ ಹೋಗುತ್ತದೆ? ಕತ್ತಲಾದ ಮೇಲೆ ಆಚೆ ದಡದಲ್ಲಿ ಒಂದು ಲಾಟೀನು ಕಂಡಿತು. ನಮ್ಮನ್ನು ಕರೆದೊಯ್ಯಲು ಬಂದ ಸೋದರಮಾವನದು. ಅವನೂ ರಾತ್ರಿಯಿಡೀ ಅಲ್ಲೇ ಕೂತ, ನಾವೂ ಇಲ್ಲೇ ಕೂತೆವು. ಅಮ್ಮ ಆ ಬೆಳಕಿನಿಂದ ಕಣ್ಣು ತೆಗೆಯಲಿಲ್ಲ. ಬೆಳಗಿನ ಮೊದಲ ಲಾಂಚಿನಲ್ಲಿ ದಾಟಿ ಮನೆ ಮುಟ್ಟುವಾಗ ಅಜ್ಜ ಇರಲಿಲ್ಲ.

ಅಂದಿನಿಂದ ಯಾರು ಎಲ್ಲಿಗೆ ಹೊರಟರೂ ಅಮ್ಮನ ಪ್ರಶ್ನೆ ಒಂದೇ. ಕೊನೆಯ ಬಸ್ಸು ಎಷ್ಟೊತ್ತಿಗೆ? ಕೊನೆಯ ರೈಲು? ಸಿಂಗಪುರಕ್ಕೆ ವಿಮಾನವೆಂದಾಗ ಕೊನೆಯ ವಿಮಾನ. ನಾನು ಅವಳನ್ನು ತಮಾಷೆ ಮಾಡುತ್ತಿದ್ದೆ. "ದಿನಕ್ಕೆ ಎಷ್ಟೊಂದು ವಿಮಾನ ಇವೆ ಅಮ್ಮ, ಒಂದು ತಪ್ಪಿದರೆ ಇನ್ನೊಂದು."

2020ರ ಮೇ ಮೊದಲ ವಾರಕ್ಕೆ ಮಗಳಿಗೆ ದಿನ ತುಂಬುತ್ತಿತ್ತು. ಏಪ್ರಿಲ್ 12ಕ್ಕೆ ಟಿಕೆಟ್ ಮಾಡಿಸಿದ್ದೆ. ಪೆಟ್ಟಿಗೆಯಲ್ಲಿ ಬಾಣಂತಿಗೆ ಅಂಟಿನುಂಡೆ, ಮಗುವಿಗೆ ತೇದು ಕುಡಿಸಲು ಬಜೆ, ಜಾಯಿಕಾಯಿ, ಕೂಸಿಗೆ ಮೆತ್ತಗಿರಲೆಂದು ಅಮ್ಮ ಕಳಿಸಿದ್ದ ಎರಡು ಹಳೆಯ ಕಾಟನ್ ಸೀರೆ. ಮಾರ್ಚ್ 23ರಿಂದ ನಮ್ಮ ದೇಶದ ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅದೇ ದಿನ ರಾತ್ರಿಯಿಂದ ಸಿಂಗಪುರ ಅಲ್ಪಾವಧಿಗೆ ಬರುವವರಿಗೆಲ್ಲ ಬಾಗಿಲು ಹಾಕಿತು. ಹದಿನೈದು ದಿನ, ಒಂದು ತಿಂಗಳು ಎಂದುಕೊಂಡೆವು. ಉಂಡೆ ಕೆಡುತ್ತದೆಂದು ನಾವಿಬ್ಬರೇ ತಿಂದು ಮುಗಿಸಿದೆವು. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು.

ಮೇ ತಿಂಗಳಲ್ಲಿ ಮೊಮ್ಮಗಳು ಹುಟ್ಟಿದಳು. ಅಲ್ಲಿಯೂ ಆಗ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಬಾಣಂತನವನ್ನು ನಾನು ಫೋನಿನಲ್ಲೇ ಮಾಡಿದೆ. ಅಳಿಯ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ನಾನು ಹೇಳಿದ ಹಾಗೆ ಮೆಣಸಿನ ಸಾರು ಮಾಡುವುದನ್ನು ಕಲಿತ. ವಂದೇ ಭಾರತ್ ವಿಮಾನದಲ್ಲಿ ಮಗಳು ಇಲ್ಲಿಗೆ ಬರಬಹುದಿತ್ತು. ಆದರೆ ಬಂದರೆ ತಿರುಗಿ ಹೋಗಲು ಅನುಮತಿ ಯಾವಾಗ ಸಿಗುತ್ತದೋ ಯಾರಿಗೂ ಗೊತ್ತಿರಲಿಲ್ಲ, ಕೈಯಲ್ಲಿ ಹಸುಗೂಸು. ನಕ್ಷೆ ತೆರೆದು ನೋಡುತ್ತಿದ್ದೆ. ಅದೇ 2,920 ಕಿಲೋಮೀಟರ್. ಒಂದು ಮೀಟರೂ ಹೆಚ್ಚಾಗಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದಾಗ ಅವಳೇ ಕೇಳಿದಳು.

"ಕೊನೆಯ ವಿಮಾನ ಹೋಗಿಬಿಡ್ತಾ?"

"ಹೋಯ್ತಮ್ಮ."

"ಕೂಸಿನ ಮುಖ ಕಾಣ್ತದಾ ಫೋನಲ್ಲಿ?"

"ಕಾಣ್ತದೆ."

"ಹಂಗಾದ್ರೆ ನೋಡ್ತಾ ಕೂತ್ಕೊ. ಬೆಳಗಿನ ಲಾಂಚ್ ಬಂದೇ ಬರ್ತದೆ."

ಬೆಳಗಾಗಲು ಎರಡು ವರ್ಷ ಹಿಡಿಯಿತು. 2021ರ ನವೆಂಬರ್ 29ರಿಂದ ಲಸಿಕೆ ಹಾಕಿಸಿಕೊಂಡವರಿಗೆಂದು ಚೆನ್ನೈ, ದೆಹಲಿ, ಮುಂಬೈಯಿಂದ ಸಿಂಗಪುರಕ್ಕೆ ಕೆಲವು ವಿಮಾನ ಬಿಟ್ಟರು. ಟಿಕೆಟ್ ನೋಡುವಷ್ಟರಲ್ಲಿ ಒಮಿಕ್ರಾನ್ ಬಂತು, ಡಿಸೆಂಬರಿನಲ್ಲಿ ಹೊಸ ಟಿಕೆಟ್ ಮಾರಾಟ ಕೆಲಕಾಲ ನಿಂತಿತು. 2022ರ ಮಾರ್ಚ್ 27ಕ್ಕೆ ನಮ್ಮ ನಿಯಮಿತ ವಿಮಾನಗಳು ಮತ್ತೆ ಶುರುವಾದವು. ಏಪ್ರಿಲ್ ಎರಡನೇ ವಾರ ನಾನು ಚೆನ್ನೈ ನಿಲ್ದಾಣದಲ್ಲಿದ್ದೆ, ಅದೇ ಪೆಟ್ಟಿಗೆ, ಅವೇ ಸೀರೆಗಳು. ವಿಮಾನ ನಾಲ್ಕು ಗಂಟೆ ಹತ್ತು ನಿಮಿಷ ತೆಗೆದುಕೊಂಡಿತು.

ಬಾಗಿಲು ತೆಗೆದಾಗ ಮೊಮ್ಮಗಳಿಗೆ ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಮಗಳು, "ಯಾರು ಬಂದಿದ್ದಾರೆ ನೋಡು, ಅಜ್ಜಿ!" ಎಂದಳು. ಮಗು ನನ್ನನ್ನು ಒಂದು ಸಲ ನೋಡಿ ಒಳಗೆ ಓಡಿತು. ಅಪ್ಪನ ಫೋನು ತಂದು ನನ್ನ ಕೈಯಲ್ಲಿಟ್ಟು "ಅಜ್ಜಿ" ಎಂದಿತು. ಅದಕ್ಕೆ ಅಜ್ಜಿ ಎಂದರೆ ಆ ಫೋನು. ಅಳಿಯ ನಕ್ಕ. ಮಗಳು ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ನನ್ನ ಹತ್ತಿರ ಬರಲು ಮಗುವಿಗೆ ಮೂರು ದಿನ ಬೇಕಾಯಿತು. ಕೂಸನ್ನು ಸುತ್ತಬೇಕಿದ್ದ ಸೀರೆಯನ್ನು ಎರಡು ಕುರ್ಚಿಗಳಿಗೆ ಕಟ್ಟಿ ಗುಡಾರ ಮಾಡಿಕೊಟ್ಟೆ. ಮೂರನೆಯ ದಿನ ಅದರೊಳಗಿಂದ ಕೈ ಚಾಚಿ ನನ್ನನ್ನೂ ಒಳಗೆಳೆದುಕೊಂಡಳು.

ಕಳೆದ ಡಿಸೆಂಬರಿನಲ್ಲಿ ಅವರೆಲ್ಲ ಊರಿಗೆ ಬಂದಿದ್ದರು. ಅಷ್ಟರಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಆಗಿತ್ತು. ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಎಂಬತ್ತಾರು ವರ್ಷದ ಅಮ್ಮನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತುಮರಿಗೆ ಹೊರಟೆವು. ನಾಲ್ಕು ನಿಮಿಷವೂ ಆಗಲಿಲ್ಲ, ಆಚೆ ದಡ ಬಂತು. ಅಮ್ಮ ಮಾತಾಡಲಿಲ್ಲ. ಕಿಟಕಿಯಿಂದ ಕೆಳಗೆ ನೋಡುತ್ತಿದ್ದಳು. ಹಿಂದೆ ಕೂತಿದ್ದ ಮೊಮ್ಮಗಳು "ಮುತ್ತಜ್ಜಿ, ಏನು ನೋಡ್ತಿದ್ದೀರಾ?" ಎಂದಾಗ, "ಅಲ್ಲಿ ಕೂತಿದ್ವಿ ಕಣೇ" ಎಂದು ಹಿಂದೆ ಸರಿದುಹೋದ ದಡದ ಕಡೆ ಬೆರಳು ತೋರಿಸಿದಳು. ಮಗುವಿಗೆ ಏನು ಕಂಡಿತೋ, ಟಾಟಾ ಮಾಡಿತು.

ಮೂರು ದಿನ ಬಿಟ್ಟು ಅವರು ಚೆನ್ನೈಗೆ ಹೊರಟರು, ಅಲ್ಲಿಂದ ಸಿಂಗಪುರಕ್ಕೆ. ಜಗಲಿಯ ಮೇಲೆ ಕೂತ ಅಮ್ಮ ಎಂದಿನ ಪ್ರಶ್ನೆ ಕೇಳುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಬಾಯಿ ತೆಗೆಯುವ ಮೊದಲೇ ಮಗಳು ಹೇಳಿದಳು.

"ನಾಳೆ ರಾತ್ರಿ ಹನ್ನೊಂದೂಕಾಲಕ್ಕೆ, ಅಜ್ಜಿ. ನೋಡಿಟ್ಟಿದ್ದೀನಿ."

ಅಮ್ಮ ತಲೆಯಾಡಿಸಿದಳು.

"ಅಡ್ಡಿಲ್ಲ. ಹಂಗಾದ್ರೆ ಇನ್ನೂ ಹೊತ್ತದೆ. ಊಟ ಮಾಡ್ಕೊಂಡೇ ಹೊರಡಿ."